ಸುತ್ತಿಗೆ ಮೇಡಂ

ಗುರುವಾರ, ಮಧ್ಯಾಹ್ನ
ಭಟ್ಟಿ ಕೋಣೆಯ ಹೊರಗಿನ ಬೆಂಚು

ಊರವರ ಬಾಯಿಗೆಲ್ಲ ಹಲ್ಲು ಮಾಡಿಕೊಡುವ ನನ್ನ ಮಗಳಿಗೆ, ಅಮ್ಮನ ಅಕ್ಕರೆಯ ನೆನಪುಗಳು.

ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾಳೆ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ. ನಿಮ್ಮಪ್ಪನೂ ಚೆನ್ನಾಗಿದ್ದಾರೆ. ಸಕ್ಕರೆ ಬಿಟ್ಟಿದ್ದೇನೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ, ಸಕ್ಕರೆ ಡಬ್ಬಿ ಮಾತ್ರ ಬೇರೆ ಕಥೆ ಹೇಳುತ್ತದೆ. ಫೋನಿನಲ್ಲಾದರೆ ನಾನು ಏನಾದರೂ ಹೇಳಿ ನಗಿಸಿ ಜಾರಿಕೊಂಡುಬಿಡುತ್ತೇನೆ, ಗಿರಾಕಿಗಳ ಜೊತೆ ಬದುಕಿದವಳ ಬುದ್ಧಿ ಅದು. ಕಾಗದದಲ್ಲಿ ಆ ಸೌಲಭ್ಯವಿಲ್ಲ. ಜೊತೆಗೆ ಇವತ್ತು ನನಗೆ ಮಾಡಲು ಬೇರೆ ಕೆಲಸವೂ ಇಲ್ಲ. ಮಣ್ಣಿನ ಪಾತ್ರೆ ಸುಟ್ಟ ಭಟ್ಟಿ ಆರುತ್ತಿದೆ. ನಾಳೆ ಬೆಳಿಗ್ಗೆಯವರೆಗೆ ಅದರ ಬಾಗಿಲು ಮುಟ್ಟುವಂತಿಲ್ಲ. ಮುಟ್ಟದೆ ಕೂರುವುದಕ್ಕೆ ಕೈಗೆ ಏನಾದರೂ ಬೇಕಲ್ಲ, ಪೆನ್ನು ಹಿಡಿದಿದ್ದೇನೆ.

ವಿಷಯ ಇಷ್ಟು. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಆ ಭಟ್ಟಿಯೊಳಗಿದೆ. ಅದಕ್ಕಿಂತ ಮುಖ್ಯವಾಗಿ, ಒಬ್ಬ ಹುಡುಗಿಯ ವರ್ಷವೂ ಅದರೊಳಗೇ ಇದೆ.

ಕಪ್ಪು-ಬಸಿ ಮಾಡಿ ಮಾರುತ್ತಿದ್ದ ಹೆಂಗಸನ್ನು ವಿಶ್ವವಿದ್ಯಾಲಯದವರು ಕರೆದು ಪ್ರೊಫೆಸರ್ ಎಂದು ಕೂರಿಸಿದಾಗ ನೀನು ಏನಂದೆ, ನೆನಪಿದೆಯೇ? "ಅಮ್ಮ, ಪಾಪ ಆ ಮಕ್ಕಳು" ಅಂದೆ. ನಾನು ನಕ್ಕೆ. ಒಂದು ವರ್ಷದ ಪರೀಕ್ಷೆ ಅಂದರು. ಕೊನೆಯಲ್ಲಿ ಖಾಯಮಾತಿ, ಇಲ್ಲದಿದ್ದರೆ ಹೂಗುಚ್ಛ. ವ್ಯವಹಾರ ನ್ಯಾಯವಾಗಿಯೇ ಇತ್ತು, ಒಪ್ಪಿಕೊಂಡೆ.

ಪಾಠ ನನಗೆ ಒಗ್ಗಿತು ಎಂದರೆ ನೀನು ನಂಬುವುದಿಲ್ಲ. ಮಕ್ಕಳು ಚಕ್ರದ ಮೇಲೆ ಎಬ್ಬಿಸಿದ್ದನ್ನು ಮೊದಲ ವಾರ ತಂತಿಯಿಂದ ನಡುವೆ ಸೀಳಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೋರಿಸಿದೆ. ಒಬ್ಬ ಕಣ್ಣೊರೆಸಿಕೊಂಡ. ಮೂರನೇ ವಾರಕ್ಕೆ ಅವರೇ ತಂತಿ ಹಿಡಿದು ಒಬ್ಬರದನ್ನೊಬ್ಬರು ಸೀಳುತ್ತಿದ್ದರು, "ಏ, ನಿಂದು ಬುಡದಲ್ಲಿ ಬೊಜ್ಜು ಕಣೋ" ಅಂತ. ನನ್ನ ಮಾತಿಗೆ ನೋಟ್ಸ್ ಬರೆದುಕೊಳ್ಳುವವರನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಬ್ಯಾಂಕಿನಲ್ಲಿ ಮಾತ್ರ.

ಆ ತರಗತಿಯಲ್ಲಿ ಒಬ್ಬಳಿದ್ದಾಳೆ, ಎಲ್ಲರೂ ಅವಳನ್ನು ಪಿಸುಮಾತು ಎನ್ನುತ್ತಾರೆ. ಹಾಜರಿ ಕೂಗಿದರೂ ತುಟಿ ಅಲ್ಲಾಡುತ್ತದೆಯೇ ಹೊರತು ಸದ್ದು ಬರುವುದಿಲ್ಲ. ವರ್ಷದ ಕೊನೆಯ ಕೆಲಸಕ್ಕೆ ತಾನು ಏನು ಮಾಡುತ್ತೇನೆ ಎಂದು ಅವಳು ನನಗೆ ಹೇಳಿದ್ದು ಮಣ್ಣು ಅರೆಯುವ ಯಂತ್ರ ತಿರುಗುತ್ತಿದ್ದಾಗ. ನನಗೆ ಕೇಳಿಸಿದ್ದು "ಹೂಜಿ" ಅನ್ನುವ ಒಂದೇ ಮಾತು. ಹೂಜಿ ತಾನೇ, ಮಾಡಲಿ ಎಂದು ತಲೆಯಾಡಿಸಿದೆ. ಯಂತ್ರ ನಿಲ್ಲಿಸಿ ಇನ್ನೊಂದು ಸಲ ಕೇಳಬೇಕಿತ್ತು. ಕೇಳಲಿಲ್ಲ.

ನಮ್ಮ ಕಾರ್ಖಾನೆಯ ಪದ್ಧತಿ ನೀನು ಮರೆತಿರಲಾರೆ. ಭಟ್ಟಿಯಿಂದ ಇಳಿಸಿದ ಪ್ರತಿಯೊಂದನ್ನೂ ಗಾಜಿನ ಹಲಗೆಯ ಮೇಲಿಟ್ಟು ಬೆರಳಿನಿಂದ ಅಂಚು ಒತ್ತುತ್ತಿದ್ದೆ. ಅಲುಗಿದರೆ ಅದು ಸೆಕೆಂಡ್ಸ್, ದೋಷದ ಮಾಲು. ಸೆಕೆಂಡ್ಸನ್ನು ಅರ್ಧ ಬೆಲೆಗೂ ಕೊಟ್ಟವಳಲ್ಲ ನಾನು. ಅಲ್ಲೇ ಸುತ್ತಿಗೆ, ಅಲ್ಲೇ ಗೋಣಿಚೀಲ. ನಮ್ಮ ಮುದ್ರೆ ಹೊತ್ತ ಕಪ್ಪು ಯಾರ ಮೇಜಿನ ಮೇಲೂ ಕುಂಟಬಾರದು ಎಂಬ ಹಟ. ಬೆರಳು, ಕಣ್ಣು, ಸುತ್ತಿಗೆ ಮೂರೂ ಸೇರಿ ಒಂದೇ ಅಂಗ ಆಗಿಹೋಗಿತ್ತು, ನಡುವೆ ತಲೆಗೆ ಕೆಲಸವೇ ಇರುತ್ತಿರಲಿಲ್ಲ.

ಕಳೆದ ತಿಂಗಳು ಮಕ್ಕಳ ಕೊನೆಯ ಕೆಲಸಗಳ ಭಟ್ಟಿ ಇಳಿಸುವ ದಿನ. ಎಲ್ಲರಿಗೂ ಹತ್ತು ಗಂಟೆಗೆ ಬರಲು ಹೇಳಿ, ನಾನು ಹಳೆ ಚಾಳಿಯಂತೆ ಬೇಗ ಬಂದೆ. ಬಾಗಿಲು ತೆಗೆದೆ. ಒಂದೊಂದೇ ಇಳಿಸಿ ಹಲಗೆಯ ಮೇಲಿಟ್ಟು ಅಂಚು ಒತ್ತಿದೆ. ಎಲ್ಲವೂ ಚೆನ್ನಾಗಿದ್ದವು. ಆಮೇಲೆ ಒಂದು ಹೂಜಿ ಬಂತು, ಒಂದು ಕಡೆಗೆ ವಾಲಿತ್ತು. ಒತ್ತುವ ಮೊದಲೇ ಬಿದ್ದೇಹೋಯಿತು. ಸುತ್ತಿಗೆ. ಇನ್ನೊಂದು ಮೂಲೆಯಲ್ಲಿ ಮತ್ತೊಂದು, ಅದೂ ವಾಲು. ಸುತ್ತಿಗೆ. ಭಟ್ಟಿಯಲ್ಲಿ ಎಲ್ಲೋ ಒಂದು ಕಡೆ ಶಾಖ ಜಾಸ್ತಿಯಾಗಿದೆ, ಪಾತ್ರೆ ಜೋಡಿಸುವ ತಟ್ಟೆ ಬಗ್ಗಿರಬೇಕು ಎಂದು ಮನಸ್ಸಿನಲ್ಲೇ ರಿಪೇರಿ ಲೆಕ್ಕ ಹಾಕುತ್ತಾ ಹಾಕುತ್ತಾ ಒಡೆಯುತ್ತಲೇ ಹೋದೆ. ಕೊನೆಯದಕ್ಕೆ ಕೈ ಎತ್ತಿದ್ದೆ, ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು.

"ಅದೊಂದನ್ನಾದ್ರೂ ಬಿಡಿ ಮೇಡಂ" ಅಂದಳು. ಅವತ್ತು ಯಂತ್ರ ನಿಂತಿತ್ತು, ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು.

ಆ ಹೂಜಿಗಳು ವಾಲಿಹೋಗಿರಲಿಲ್ಲ, ಅವಳು ಅವನ್ನು ವಾಲುವಂತೆಯೇ ಮಾಡಿದ್ದಳು. ಒಂದೊಂದೂ ಒಂಟಿಯಾಗಿ ನಿಲ್ಲಲಾರದು. ಸಾಲಾಗಿ ಇಟ್ಟರೆ ಒಂದರ ಹೆಗಲಿಗೆ ಇನ್ನೊಂದು ಒರಗಿ ನಿಲ್ಲುತ್ತವೆ, ಕೊನೆಯದು ಗೋಡೆಗೆ. ಇದನ್ನು ಅವಳು ನನಗೆ ವಿವರಿಸಿದ್ದು ನೆಲದ ಮೇಲೆ ಕೂತು, ಚೂರುಗಳನ್ನು ಗೋಣಿಯಿಂದ ಹೊರಗೆ ತೆಗೆಯುತ್ತಾ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಗೊತ್ತು.

ಸಂಜೆಯೊಳಗೆ ಇಡೀ ವಿಭಾಗಕ್ಕೆ ಸುದ್ದಿ ಹಬ್ಬಿತು. ನನ್ನ ಹೆಸರು ಸುತ್ತಿಗೆ ಮೇಡಂ ಆಯಿತು. ಕ್ಯಾಂಟೀನಿನಲ್ಲಿ ನಾನು ಹೋದರೆ ಹುಡುಗರು ತಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಳ್ಳುತ್ತಾರೆ. ಒಬ್ಬನಂತೂ "ಮೇಡಂ, ಹಿಡ್ಕೊಂಡಿದೀನಿ, ಅಲುಗ್ತಿಲ್ಲ, ನೋಡಿ" ಅಂದ. ನಾನೂ ನಕ್ಕೆ. ನಗದೆ ಏನು ಮಾಡಲಿ?

ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಯಾವ ಮಾತಿಗೂ ಮೊದಲು ಒಂದು ಪೀಠಿಕೆ ಹಾಕುತ್ತಾರೆ, ಪೀಠಿಕೆ ಮುಗಿಯುವ ಹೊತ್ತಿಗೆ ಎದುರಿಗಿರುವವರ ಸಿಟ್ಟು ಇಳಿದಿರುತ್ತದೆ. ನನ್ನನ್ನು ಕರೆದು ಜೇಡಿಮಣ್ಣಿನ ಇತಿಹಾಸದಿಂದ ಶುರುಮಾಡಿದರು. ಕೊನೆಗೆ ವಿಷಯಕ್ಕೆ ಬಂದಾಗ ದನಿ ತಗ್ಗಿಸಿ, "ಭಟ್ಟಿಯಲ್ಲೇ ಒಡೆದುಹೋದವು ಅಂತ ಒಂದು ಸಾಲು ಬರೆದುಕೊಡಿ ಮೇಡಂ. ಭಟ್ಟಿ ಅಂದ್ಮೇಲೆ ಒಡೆಯೋದೇ. ಅವಳಿಗೂ ಏನೋ ಒಂದು ಮಾರ್ಕು ಹಾಕಿ ದಾಟಿಸೋಣ, ನಿಮ್ಮ ಫೈಲೂ ಸುಸೂತ್ರವಾಗಿ ಹೋಗುತ್ತೆ" ಅಂದರು.

ನಿನ್ನ ಹತ್ತಿರ ಸುಳ್ಳೇಕೆ? ಆಸೆಯಾಯಿತು. ಎಲ್ಲ ಕಡೆಯಿಂದ ಲಾಭದ ವ್ಯವಹಾರ. ನಾನು ತಪ್ಪನ್ನು ಭಟ್ಟಿಯ ಮೇಲೆ ಹಾಕಿದರೆ ಭಟ್ಟಿ ಎದುರುತ್ತರ ಕೊಡುವುದಿಲ್ಲ. ಹಾಳೆ ಎಳೆದುಕೊಂಡು ಬರೆಯಲು ಕೂತೆ. ಆದರೆ ನನಗೆ ನೆನಪಾದದ್ದು ಆ ಹುಡುಗಿ ಚೂರುಗಳನ್ನು ಹೊರಗೆ ತೆಗೆಯುತ್ತಿದ್ದ ರೀತಿ. ಪ್ರತಿ ಚೂರನ್ನೂ ತಿರುಗಿಸಿ ಅದು ಯಾವ ಹೂಜಿಯದೆಂದು ಗುರುತು ಹಿಡಿಯುತ್ತಿದ್ದಳು. ತನ್ನ ಕೆಲಸ ಅಷ್ಟು ಗೊತ್ತಿರುವವಳಿಗೆ ಏನೋ ಒಂದು ಮಾರ್ಕು ಹಾಕುವುದೇ? "ವಿದ್ಯಾರ್ಥಿನಿಯ ಕೆಲಸವನ್ನು ತಪ್ಪಾಗಿ ತಿಳಿದು ನಾನೇ ಒಡೆದಿದ್ದೇನೆ, ಮತ್ತೆ ಮಾಡಲು ಅವಳಿಗೆ ಕಾಲಾವಕಾಶ ಕೊಡಬೇಕು" ಎಂದು ಬರೆದು ಕೊಟ್ಟೆ. ಮುಖ್ಯಸ್ಥರು ಓದಿ ಕನ್ನಡಕ ತೆಗೆದರು. "ಇದು ಫೈಲಿಗೆ ಸೇರುತ್ತೆ, ಗೊತ್ತು ತಾನೇ?" ಅಂದರು. ಪೀಠಿಕೆಯಿಲ್ಲದೆ ಅವರು ಆಡಿದ ಮೊದಲ ಮಾತು ಅದು.

ಕಾಲಾವಕಾಶ ಸಿಕ್ಕಿತು. ಹುಡುಗಿ ಒಪ್ಪಲಿಲ್ಲ. "ಮತ್ತೆ ಮಾಡಿದ್ರೆ ಅದು ಅದರ ನಕಲು ಅಷ್ಟೇ ಮೇಡಂ" ಅಂದು ಹೋದಳು. ಒಂದು ವಾರ ಅವಳ ಕೆಲಸದ ಮೇಜಿನ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಆ ವಾರ ನಿನಗೆ ಫೋನು ಮಾಡಿದ್ದೆ, ಹವೆಯ ಬಗ್ಗೆ ಮಾತಾಡಿದೆ. ನೀನು ಯಾರದೋ ಮುಂಬಲ್ಲಿನ ಬಣ್ಣ ಹೊಂದುತ್ತಿಲ್ಲ ಎಂದೆ. ಇಬ್ಬರೂ ಇಟ್ಟುಬಿಟ್ಟೆವು.

ಆಮೇಲೆ ಒಂದು ಬೆಳಿಗ್ಗೆ ಅವಳು ನನ್ನ ಕೋಣೆಗೆ ಬಂದು ಕರಾರು ಹಾಕಿದಳು. ಕರಾರಿನಲ್ಲಿ ನಾನು ಪಳಗಿದವಳು, ಆದರೆ ಇಂಥದ್ದನ್ನು ಕೇಳಿರಲಿಲ್ಲ. ಉಳಿದ ಆ ಒಂದು ಹೂಜಿಗೆ ಹೊಸ ಜೊತೆಗಾರರನ್ನು ಮಾಡುತ್ತಾಳಂತೆ. ಅದರಲ್ಲಿ ಒಂದನ್ನು ನಾನು ಮಾಡಬೇಕು. "ಸೊಟ್ಟಗೆ" ಅಂದಳು. ಅಲ್ಲಿಯವರೆಗೆ ಸುತ್ತಿಗೆ ಅವಳ ಹತ್ತಿರ ಇರಬೇಕು. ಕೊಟ್ಟೆ. ಬ್ಯಾಗಿಗೆ ಹಾಕಿಕೊಂಡಳು.

ಸೊಟ್ಟಗೆ ಮಾಡುವುದಕ್ಕೇನು, ಕಲಿಯುವವರೆಲ್ಲ ಅದನ್ನೇ ತಾನೇ ಮಾಡುವುದು ಎಂದುಕೊಂಡು ಕೂತೆ. ಮಗಳೇ, ಬರಲಿಲ್ಲ! ಚಕ್ರ ತಿರುಗಿದ ಕೂಡಲೇ ಕೈ ತನ್ನಷ್ಟಕ್ಕೆ ನೆಟ್ಟಗೆ ಎಬ್ಬಿಸುತ್ತದೆ. ಬೇಕೆಂದೇ ಬಗ್ಗಿಸಿದರೆ ಕುಡಿದವನಂತೆ ಕಾಣುತ್ತದೆ. ಅವಳು ಪಕ್ಕದಲ್ಲಿ ನಿಂತು ತಂತಿಯಿಂದ ಸೀಳುತ್ತಾಳೆ, ನಾನು ಮತ್ತೆ ಕೂರುತ್ತೇನೆ. ಹುಡುಗರು ಕಿಟಕಿಯಲ್ಲಿ ಸಾಲುಗಟ್ಟಿ ನಿಂತು ನೋಡುತ್ತಿದ್ದರು, "ಮೇಡಂಗೆ ಬುಡದಲ್ಲಿ ಬೊಜ್ಜು" ಎಂದು ಯಾವನೋ ಅಂದ. ಮೊದಲ ವಾರದ ಸೇಡು ತೀರಿಸಿಕೊಂಡ.

ಕೊನೆಗೆ ಅವಳು ಅಂದಳು, "ಮೇಡಂ, ಬಗ್ಗಿಸ್ಬೇಡಿ. ನೀವು ಬಸ್ಸಿಗೆ ಕಾಯ್ತಿದೀರಿ ಅಂದ್ಕೊಳ್ಳಿ. ಬಸ್ ಬರ್ತಿಲ್ಲ. ಒಂದು ಕಾಲು ನೋವು ಬಂತು, ಭಾರ ಇನ್ನೊಂದು ಕಾಲಿಗೆ ಹಾಕಿದ್ರಿ. ಹಾಗೆ." ಎದ್ದು ನಿಂತು ಹಾಗೆ ನಿಂತುನೋಡಿದೆ. ನನ್ನ ಸೊಂಟ ಎಲ್ಲಿಗೆ ಹೋಯಿತು, ಹೆಗಲು ಎಲ್ಲಿಗೆ ಬಂತು ಎಂದು ಗಮನಿಸಿದೆ. ಮತ್ತೆ ಕೂತೆ. ಆ ಸಲ ಅವಳು ತಂತಿ ಎತ್ತಲಿಲ್ಲ. "ಇದು ಪರವಾಗಿಲ್ಲ" ಅಂದಳು. ನನಗೆ ದೊಡ್ಡ ದೊಡ್ಡ ಆರ್ಡರು ಸಿಕ್ಕಿವೆ. ಆ "ಪರವಾಗಿಲ್ಲ" ಸಿಕ್ಕಿದಷ್ಟು ಖುಷಿ ಯಾವುದರಲ್ಲೂ ಆಗಿರಲಿಲ್ಲ.

ಭಟ್ಟಿಗೆ ಜೋಡಿಸುವಾಗ ಅವಳು ಕೇಳಿದಳು, "ಇಷ್ಟು ವರ್ಷದಲ್ಲಿ ಒಂದನ್ನೂ ಬಿಟ್ಟಿಲ್ವಾ ಮೇಡಂ, ಸೆಕೆಂಡ್ಸ್ ಅಂತ ಗೊತ್ತಿದ್ದೂ?" ಒಂದೂ ಇಲ್ಲ ಎಂದೆ.

ಈಗ ಎಲ್ಲ ಒಳಗಿವೆ. ನಾಳೆ ಮಧ್ಯಾಹ್ನ ಹೊರಗಿನ ಪರೀಕ್ಷಕರು ಬರುತ್ತಾರೆ. ಕೈಯಿಟ್ಟು ನೋಡಿದೆ, ಬಾಗಿಲು ಇನ್ನೂ ಸುಡುತ್ತಿದೆ. ಉಳಿದದ್ದು ನಾಳೆ.

ಶುಕ್ರವಾರ, ಸಂಜೆ

ಬೆಳಿಗ್ಗೆ ನಾನು ಬಂದಾಗ ಅವಳು ಆಗಲೇ ಬೆಂಚಿನ ಮೇಲೆ ಕೂತಿದ್ದಳು, ಬ್ಯಾಗು ತೊಡೆಯ ಮೇಲೆ. ಬಾಗಿಲು ಅವಳೇ ತೆಗೆಯಲಿ ಎಂದೆ. ಅವಳವು ಹೇಗೆ ಒಳಗೆ ಹೋಗಿದ್ದವೋ ಹಾಗೇ ಹೊರಗೆ ಬಂದವು, ಬೂದಿ ಹಸಿರು ಬಣ್ಣದಲ್ಲಿ, ಒಂದು ಬಿರುಕಿಲ್ಲ. ನನ್ನದು ಬಂತು.

ನೆಟ್ಟಗೆ ನಿಂತಿತ್ತು! ಪೂರ್ತಿ ಅಲ್ಲ, ಆದರೆ ಯಾರ ಆಸರೆಯೂ ಬೇಡ ಎನ್ನುವಷ್ಟು. ಮಣ್ಣಿಗೆ ನೆನಪಿರುತ್ತದೆ, ನಿನಗೂ ಗೊತ್ತಿರುವ ವಿಷಯವೇ. ಚಕ್ರದ ಮೇಲೆ ಹೇಗೆ ಎದ್ದಿತ್ತೋ, ಬೆಂಕಿಯಲ್ಲಿ ಆ ಕಡೆಗೇ ತಿರುಗುತ್ತದೆ. ಅವಳು ತನ್ನವನ್ನು ಮಣ್ಣಿನ ಸುರುಳಿ ಸುತ್ತಿ ಮೊದಲಿನಿಂದಲೇ ವಾಲಿಸಿ ಕಟ್ಟಿದ್ದಳು. ನಾನು ಮೊದಲು ನೆಟ್ಟಗೆ ಎಬ್ಬಿಸಿ, ಆಮೇಲೆ ಬಸ್ಸಿಗೆ ಕಾಯಿಸಿದ್ದೆ. ನನಗೆ ಈ ಲೆಕ್ಕ ಮುಂಚೆಯೇ ಹೊಳೆಯಬೇಕಿತ್ತು. "ಸುತ್ತಿಗೆ ಕೊಡಮ್ಮ, ಇದು ಸೆಕೆಂಡ್ಸ್" ಎಂದೆ.

ಅವಳು ನಕ್ಕಳು. ಆ ಹುಡುಗಿಗೆ ನಗುವಾದರೂ ಸದ್ದು ಮಾಡಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹೂಜಿಯನ್ನು ಎತ್ತಿಕೊಂಡು ಹೋಗಿ ಮೇಜಿನ ತುದಿಯಲ್ಲಿಟ್ಟು, ಉಳಿದವನ್ನು ಒಂದೊಂದಾಗಿ ಅದರ ಕಡೆಗೆ ಒರಗಿಸಿದಳು. ಹಳೆಯ ಒಂದು, ಹೊಸ ನಾಲ್ಕು, ತುದಿಯಲ್ಲಿ ನನ್ನದು. "ಈಗ ಗೋಡೆ ಬೇಡ ಮೇಡಂ, ನಡು ಕೋಣೆಯಲ್ಲೇ ಇಡಬಹುದು" ಅಂದಳು. ನಾನು ಸುತ್ತ ಒಂದು ಸುತ್ತು ಬಂದು ನೋಡಿದೆ. ಯಾವುದೋ ಮದುವೆ ಮುಗಿದು ಕಾಲು ಸೋತ ಅಕ್ಕತಂಗಿಯರು ಫೋಟೋಗೆ ನಿಂತ ಹಾಗಿತ್ತು. ತುದಿಯ ಹಿರಿಯಕ್ಕ ಮಾತ್ರ ನನಗೇನೂ ಆಗಿಲ್ಲ ಅನ್ನುವ ಮುಖ ಮಾಡಿದ್ದಳು.

ಪರೀಕ್ಷಕರು ಬಂದರು. ಹೇಗೆ ನಿಂತಿವೆ ಎಂದು ನೋಡಲು ನಡುವಿನ ಒಂದಕ್ಕೆ ಕೈ ಹಾಕಿದರು.

"ಮುಟ್ಬೇಡಿ ಸರ್, ಎಲ್ಲಾ ಬೀಳ್ತವೆ!"

ಇಡೀ ಕೋಣೆ ತಿರುಗಿ ನೋಡಿತು. ಕೂಗಿದ್ದು ಪಿಸುಮಾತು. ಪರೀಕ್ಷಕರು ಕೈ ಹಿಂದಕ್ಕೆ ಎಳೆದುಕೊಂಡು, ಬೀಳದಂತೆ ಮಾಡಬಹುದಿತ್ತಲ್ಲ ಎಂದು ಕೇಳಿದರು. ಅವಳು ಉತ್ತರ ಹೇಳುತ್ತಾ ಹೋದಳು, ಎಲ್ಲರಿಗೂ ಕೇಳಿಸುವ ಹಾಗೆ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಅದನ್ನೂ ಈ ವರ್ಷ ಕಲಿತೆ. ಇಡೀ ತರಗತಿಯಲ್ಲಿ ಅವಳಿಗೇ ಹೆಚ್ಚಿನ ಅಂಕ. ಪ್ರದರ್ಶನದಲ್ಲಿ ಬಾಗಿಲಿಗೆ ಎದುರಾಗಿ ಆ ಸಾಲನ್ನೇ ಇಡುತ್ತಾರೆ.

ನನ್ನ ಫೈಲಿನ ಬಗ್ಗೆ ಮುಖ್ಯಸ್ಥರು ಪೀಠಿಕೆ ಸಮೇತ ಹೇಳಿದ್ದರ ಸಾರಾಂಶ: ಸಮಿತಿಯವರು ನನ್ನ ಆ ಚೀಟಿ ಓದಿದರಂತೆ. ಇಂಥದ್ದನ್ನು ಬರೆದುಕೊಟ್ಟ ಪ್ರೊಫೆಸರನ್ನು ನೋಡಿಲ್ಲ ಅಂದರಂತೆ. ಅದು ಜಮೆಯೋ ಖರ್ಚೋ ಇನ್ನೂ ತಿಳಿಯದು. ಆದರೆ ಮುಂದಿನ ವರ್ಷಕ್ಕೆ ಮಣ್ಣು ಎಷ್ಟು ತರಿಸಬೇಕು ಎಂದು ನನ್ನನ್ನೇ ಕೇಳಿದರು. ಹೋಗುವವರ ಹತ್ತಿರ ಯಾರೂ ಅದನ್ನು ಕೇಳುವುದಿಲ್ಲ ಎಂದು ನನ್ನ ಅಂದಾಜು.

ಪ್ರದರ್ಶನ ಮುಂದಿನ ತಿಂಗಳ ಮೊದಲ ಶನಿವಾರ. ಯಾರ ಹಲ್ಲೂ ಎರಡು ದಿನಕ್ಕೆ ಉದುರಿಹೋಗುವುದಿಲ್ಲ. ಬಾ.

ನಿನ್ನ ಅಮ್ಮ
(ಈಗ ಸುತ್ತಿಗೆಯಿಲ್ಲದವಳು; ಅವಳು ಇನ್ನೂ ವಾಪಸು ಕೊಟ್ಟಿಲ್ಲ)

ಮರೆತ ಮಾತು: ಒಂದನ್ನೂ ಬಿಟ್ಟಿಲ್ಲ ಎಂದು ಆ ಹುಡುಗಿಗೆ ನಾನು ಹೇಳಿದ್ದು ಸುಳ್ಳು. ಕಾರ್ಖಾನೆ ಬಿಟ್ಟು ಹಲ್ಲಿನ ಕೆಲಸ ಕಲಿಯಲು ಹೋಗುವ ಹಿಂದಿನ ದಿನ ನೀನೇ ಮಾಡಿ ಭಟ್ಟಿಯಿಂದ ಇಳಿಸಿದ ನೀಲಿ ಹೂಜಿ, ಎಡಕ್ಕೆ ವಾಲಿದ್ದು, ಅದನ್ನು ನಾನು ಒಡೆಯಲಿಲ್ಲ. ಮಾಲೀಕಳ ಮಗಳಿಗೆ ಬೇರೆ ನ್ಯಾಯ ಎಂದು ಕೆಲಸದವರು ಅನ್ನಬಾರದಲ್ಲ, ಒಳಗೆ ಹೋಗಿ ಬೇರೊಂದನ್ನು ಒಡೆದೆ. ನೀನು ಹೊರಗೆ ನಿಂತು ಕೇಳಿಸಿಕೊಂಡ ಸದ್ದು ಅದರದು. ನಿನ್ನದು ನನ್ನ ಕಪಾಟಿನಲ್ಲಿದೆ, ನಿಮ್ಮಪ್ಪನ ಹಳೆಯ ಸ್ವೆಟರಿನೊಳಗೆ. ಕೊರಿಯರಿನಲ್ಲಿ ಕಳಿಸಲು ಧೈರ್ಯವಿಲ್ಲ, ನೀನೇ ಬಂದು ತೆಗೆದುಕೋ. ಒಂಟಿಯಾಗಿ ನಿಲ್ಲುವುದಿಲ್ಲ, ಒಂದು ಕೈ ಕೊಡಬೇಕು. ಆದರೆ ನೀರು ಬಗ್ಗಿಸಿದರೆ ಒಂದು ಹನಿ ಹೊರಗೆ ಬೀಳುವುದಿಲ್ಲ. ಆಗಾಗ ಬಗ್ಗಿಸಿ ನೋಡುತ್ತಿರುತ್ತೇನೆ.