ಮಗ ದೂರದ ಊರಿನಲ್ಲಿದ್ದ ವರ್ಷ

ಲಾಂಡ್ರಿ ಹಿಂದಿನ ಬಾಡಿಗೆ ಕೋಣೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಗೆ,

ನಿಮ್ಮ ಪಟಾಕಿ ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ನಾನು ಕಳಿಸಿದ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಂದವರಿಗೆಲ್ಲ ತೋರಿಸಿ ಮತ್ತೆ ಬೀರುವಿನಲ್ಲೇ ಇಡುತ್ತಿದ್ದೀರೋ? ನಾನು ಚೆನ್ನಾಗಿದ್ದೇನೆ. ಈ ಕಾಗದವನ್ನು ಮಾತ್ರ ನಿಮ್ಮ ಮಗನ ಕೈಲಿ ಓದಿಸಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ, ಅದಕ್ಕೇ ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಸ್ಪೀಕರ್ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತೀರಿ, ನಮ್ಮ ಸಂಸಾರದ ಸುದ್ದಿ ಬೀದಿಗೆಲ್ಲ ಕೇಳಿಸುತ್ತದೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಈಗ ನನ್ನನ್ನು ಒಗೆಯುವ ಕಡೆಯಿಂದ ಇಸ್ತ್ರಿಯ ಕಡೆಗೆ ಹಾಕಿದ್ದಾರೆ. ಉದ್ದನೆಯ ಬಿಸಿ ರೋಲರಿಗೆ ಇಬ್ಬರು ಸೇರಿ ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಬಿಗಿಯಾಗಿ ಹಿಡಿದು ಕೊಡಬೇಕು. ಒಬ್ಬರು ಸಡಿಲ ಬಿಟ್ಟರೂ ಸುಕ್ಕು ಹಾಗೇ ಒತ್ತಿಕೊಂಡು ಬರುತ್ತದೆ, ಮತ್ತೆ ನೀರಿಗೇ ಹಾಕಬೇಕು. ಆಗ ಮೇಲ್ವಿಚಾರಕಿ ಬೈಯುತ್ತಾಳೆ. ನಾನೂ ಬೈಯುತ್ತೇನೆ, ನಮ್ಮ ಭಾಷೆಯಲ್ಲಿ, ನಗುನಗುತ್ತಾ. ಪಾಪ, ಹೊಗಳುತ್ತಿದ್ದೇನೆ ಅಂದುಕೊಂಡಿದ್ದಾಳೆ! ಕೋಣೆಯನ್ನೂ ಬದಲಾಯಿಸಿದೆ. ಇಲ್ಲಿ ಎರಡು ಮಂಚ ಹಿಡಿಯುತ್ತವೆ, ಆದರೆ ಒಂದೇ ಕೊಂಡಿದ್ದೇನೆ, ದೊಡ್ಡದು. ನಗಬೇಡಿ. ಕಿಟಕಿ ಪಕ್ಕದ ಗೋಡೆಯನ್ನು ನಿಮ್ಮ ಮಗನ ಮರಗೆಲಸದ ಸಾಮಾನಿಗೆಂದು ಖಾಲಿ ಬಿಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಅವರನ್ನು ಈ ದೇಶಕ್ಕೆ ಕರೆಸಿಕೊಳ್ಳಲು ನಾನು ಹಾಕಿದ ವೀಸಾ ಅರ್ಜಿ ನಿಂತುಹೋಗಿದೆ. ನಿಂತದ್ದು ಅವರು ಜೈಲಿಗೆ ಹೋಗಿದ್ದರೆಂದಲ್ಲ, ನಿಮ್ಮ ಮಾತಿನಿಂದ. ಮೂಗು ಮುರಿಯದೆ ಮುಂದೆ ಓದಿ. ಮದುವೆಗೆ ಮುಂಚೆ ಗ್ಯಾರೇಜಿನಲ್ಲಿ ಜಗಳವಾಗಿ ಮಾಲೀಕನ ತೋಳು ಮುರಿದದ್ದು, ಒಂದು ವರ್ಷ ಜೈಲಿನಲ್ಲಿದ್ದದ್ದು, ಅಲ್ಲಿ ಮರಗೆಲಸ ಕಲಿತದ್ದು, ಎಲ್ಲವನ್ನೂ ನಾನು ಅರ್ಜಿಯಲ್ಲಿ ಬರೆದು ತೀರ್ಪಿನ ಪ್ರತಿಯನ್ನೂ ಕೊಟ್ಟಿದ್ದೆ. ಕಳೆದ ತಿಂಗಳು ವೀಸಾ ಕಚೇರಿಯವರು ನಿಮಗೆ ಫೋನ್ ಮಾಡಿ, ಆ ವರ್ಷ ಮಗ ಎಲ್ಲಿದ್ದ ಎಂದು ಕೇಳಿದರಂತೆ. ನೀವು ಏನಂದಿರಿ? "ದೂರದ ಊರಲ್ಲಿ ಕಂಪನಿ ಕೆಲಸದಲ್ಲಿದ್ದ. ನನ್ನ ಮಗ ಚಿನ್ನ ಕಣಪ್ಪಾ, ಒಂದು ಇರುವೆಗೂ ನೋವು ಮಾಡಿದವನಲ್ಲ!" ಅಯ್ಯೋ ಅತ್ತೆ! ಇರುವೆಯ ಮಾತು ಒಪ್ಪಿದೆ, ಮಾಲೀಕನ ತೋಳಿಗೆ ಏನು ಹೇಳೋಣ? ಹಳೆಯ ಕೇಸನ್ನು ಹೇಗಾದರೂ ದಾಟಬಹುದು, ಆದರೆ ಮನೆಯವರೇ ಸುಳ್ಳು ಹೇಳಿದರು ಎಂದು ಬರೆದುಕೊಂಡರೆ ಬಾಗಿಲು ಮುಚ್ಚಿದಂತೆಯೇ ಎಂದು ನಮ್ಮ ಅರ್ಜಿ ನೋಡಿಕೊಳ್ಳುವ ವಕೀಲೆ ತಲೆ ಚಚ್ಚಿಕೊಂಡರು.

ಫೋನ್ ಬಂದಾಗ ಎದುರುಮನೆಯ ಟೈಲರಕ್ಕ ನಿಮ್ಮ ಪಕ್ಕದಲ್ಲೇ ಕೂತಿದ್ದರಂತೆ. "ಅವರ ಮುಂದೆ ಹೇಗೆ ಹೇಳಲೋ?" ಎಂದು ಆಮೇಲೆ ಮಗನ ಹತ್ತಿರ ಅತ್ತಿರಂತೆ. ನನಗೆ ಗೊತ್ತು, ನೀವು ಕಚೇರಿಯವರಿಗೆ ಮೋಸ ಮಾಡಲು ಹೇಳಿದ್ದಲ್ಲ. ಇಷ್ಟು ವರ್ಷ ಬೀದಿಗೆ ಹೇಳುತ್ತಾ ಬಂದದ್ದೇ ಬಾಯಿಗೆ ಬಂತು. ಜೈಲಿನಲ್ಲಿ ಅವರು ಮಾಡಿದ ಸ್ಟೂಲನ್ನೂ ಕಂಪನಿಯವರು ಕೊಟ್ಟದ್ದೆಂದು ತೋರಿಸುತ್ತೀರಲ್ಲ! ಮಗನ ಮಾನ ಉಳಿಸಲು ಒಬ್ಬರೇ ಎಷ್ಟು ಹೆಣಗಿದ್ದೀರಿ ಎಂದು ನೆನೆದರೆ ಕರುಳು ಚುರುಕ್ ಎನ್ನುತ್ತದೆ. ಆದರೆ ನೀವು ಆ ಕಥೆ ಶುರು ಮಾಡಿದಾಗಲೆಲ್ಲ ಅವರು ತಲೆ ತಗ್ಗಿಸಿಕೊಂಡು ಹಿತ್ತಲಿಗೆ ಹೋಗುವುದನ್ನು ನೋಡಿದ್ದೀರಾ? ಮಾಡಿದ್ದಕ್ಕೆ ಶಿಕ್ಷೆ ಅನುಭವಿಸಿದರು, ಮಾಲೀಕನ ಮನೆಗೆ ಹೋಗಿ ಕೈಮುಗಿದು ಬಂದರು. ಅದನ್ನೆಲ್ಲ ತಿಳಿದೇ ನಾನು ಹೂಂ ಅಂದವಳು. ನನಗೆ ಚಿನ್ನ ಬೇಡ ಅತ್ತೆ, ಅವರು ಬೇಕು.

ಈ ತಿಂಗಳ ಕೊನೆಯಲ್ಲಿ ಕಚೇರಿಯವರು ಮತ್ತೊಮ್ಮೆ ಫೋನ್ ಮಾಡುತ್ತಾರೆ. ವಕೀಲೆ ಕಾಡಿ ಬೇಡಿ ಪಡೆದ ಅವಕಾಶವದು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ಅಳು ಬಂದರೆ ಅಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅದೊಂದು ಸರಿಹೋದರೆ ಉಳಿದದ್ದು ಸಲೀಸು ಎಂದು ವಕೀಲೆ ಧೈರ್ಯ ಹೇಳಿದ್ದಾರೆ, ನನಗೂ ಹಾಗೇ ಅನಿಸುತ್ತಿದೆ. ಅವರು ಬಂದ ಮೇಲೆ ನಿಮ್ಮ ಸರದಿ. ಆ ಮೇಲ್ವಿಚಾರಕಿಯನ್ನು ಆಗ ನಿಮಗೇ ಒಪ್ಪಿಸುತ್ತೇನೆ.

ಮುಲಾಮು ಹಚ್ಚಿಕೊಳ್ಳಿ. ನಿಮ್ಮ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತಿರುವ,

ನಿಮ್ಮ ಪಟಾಕಿ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಪೆನ್ನು ಕಚ್ಚುತ್ತಾ ಕೂತಿದ್ದೆ. ಟೈಲರಕ್ಕನಿಗೆ ಮೊದಲಿನಿಂದಲೂ ಗೊತ್ತು. ಬೀದಿಗೆಲ್ಲ ಗೊತ್ತು. ನನ್ನ ಮದುವೆ ಬಟ್ಟೆಗೆ ಅಳತೆ ತೆಗೆಯುವಾಗ ಅವರೇ ಕಿವಿಯಲ್ಲಿ ಹೇಳಿದ್ದರು: "ಮಗ ದೂರದ ಊರಲ್ಲಿದ್ದ ಅಂತಾರೆ ನಿಮ್ಮತ್ತೆ. ನಾವೆಲ್ಲ ಹೌದಾ ಅಂತೀವಿ. ನಮಗೆ ಗೊತ್ತು ಅಂತ ಅವರಿಗೆ ಹೇಳಬೇಡ ಕಣಮ್ಮಾ, ನೊಂದ್ಕೋತಾರೆ." ಈ ಸಲ ಫೋನ್ ಬಂದಾಗ ಅವರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ ಅತ್ತೆ. ನಿಮ್ಮ ಕೈ ಹಿಡಿದುಕೊಳ್ಳುತ್ತಾರೆ.