ಚೌಕ ಎಷ್ಟು ಭಾರ ತಾಳುತ್ತದೆ

ಮೊಂತೆಲಾರಾ, ಸ್ಪೇನ್
೨೩೨೯, ಎರಡನೆಯ ಬೇಸಿಗೆ (ನಮಗೀಗ ವರ್ಷಕ್ಕೆ ಎರಡು)

ಮುನ್ನೂರು ವರ್ಷ ಹಿಂದಿರುವ ನಿಮಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಊರಿನಲ್ಲಿ ಕನ್ನಡವಾಡುವುದು ನಮ್ಮ ಮನೆಯೊಂದೇ. ಹೊಸ ವಸ್ತುಗಳಿಗೆ ಹೆಸರನ್ನು ನಾವೇ ಕಟ್ಟಿಕೊಳ್ಳುತ್ತೇವೆ.

ಇಲ್ಲಿನ ದೊಡ್ಡ ಚೌಕದ ಚರಿತ್ರೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಇದು ಕುರಿಸಂತೆ. ಆಮೇಲೆ ರಾಜನೊಬ್ಬ ಸುತ್ತಲೂ ಕಮಾನಿನ ಮನೆಗಳನ್ನು ಕಟ್ಟಿಸಿದ. ಗೂಳಿಕಾಳಗದ ದಿನ ಬಾಲ್ಕನಿಗಳನ್ನು ನಗರವೇ ಬಾಡಿಗೆಗೆ ಕೊಡುತ್ತಿತ್ತು; ಮನೆಯವರು ಒಳಕೋಣೆಯಲ್ಲಿ ಕೂತು ಬರೀ ಗದ್ದಲ ಕೇಳಬೇಕಿತ್ತು. ಅದೇ ಕಲ್ಲುಹಾಸಿನ ಮೇಲೆ ಧರ್ಮದ್ರೋಹಿಗಳೆಂದು ಜನರನ್ನು ಸುಟ್ಟದ್ದೂ ಉಂಟು. ನಿಮ್ಮ ಕಾಲದಲ್ಲಿ ಕಾಫಿಯ ಮೇಜುಗಳು ಬಂದವು, ಕಾರು ನಿಲ್ಲಿಸಲೆಂದು ಚೌಕದ ಅಡಿಯನ್ನು ಅಗೆದರು. ಊರಿನವರು ಆಗ ಬಹಳ ಬೈದರಂತೆ. ಈಗ ಬಿಸಿಲಿಗೆ ಹೆದರಿ ನಾವು ಹಗಲೆಲ್ಲ ಬದುಕುವುದು ಅಲ್ಲೇ. ಅದಕ್ಕೆ ಹಗಲುಮನೆ ಎನ್ನುತ್ತೇವೆ. ಕಾರಿಗೆಂದು ಬಳಿದ ಬಿಳಿ ಗೆರೆಗಳೇ ನಮ್ಮ ಗೋಡೆ. ಗೆರೆ ದಾಟುವ ಮುನ್ನ ನೆಂಟರೂ ಕೆಮ್ಮಿ ನಿಲ್ಲುತ್ತಾರೆ. ನನ್ನ ಮಗಳು ಅಮಾಯಾ ಮಲಗುವುದು ಸರಿಯಾಗಿ ಚೌಕದ ನಡುಭಾಗದ ಕೆಳಗೆ.

ನಗರಸಭೆ ಈಗ ಚೌಕದ ಮೇಲೆ ಮಣ್ಣು ತುಂಬಿ ಕಿತ್ತಳೆ ಮರ ನೆಡಲು ಹೊರಟಿದೆ. ಮೇಲೆ ನೆರಳಾದರೆ ಕೆಳಗೆ ತಂಪು, ನಿಜ. ನಮ್ಮ ಸೂರು ಅಷ್ಟು ಭಾರ ತಾಳುತ್ತದೆಯೇ ಎಂದು ಸಭೆಯಲ್ಲಿ ಕೇಳಿದೆ.

"ಹಬ್ಬದ ಸಂಜೆ ಇಡೀ ಊರೇ ಮೇಲೆ ಕುಣಿಯತ್ತೆ, ಒಂದು ಚೂರು ಗಾರೆ ಉದುರಿಲ್ಲ," ಎಂದರು ಅಧ್ಯಕ್ಷೆ ಗಾಲಾ. "ಮರವೇನು ಕುಣಿಯತ್ತಾ, ಚರಿತ್ರೆಯಮ್ಮ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಳಿಜಾರಿನಲ್ಲಿ ಮನೆಗೆ ಇಳಿಯುವಾಗ ಹೊಳೆಯಿತು: ಕುಣಿದವರು ಹೊರಟುಹೋಗುತ್ತಾರೆ. ಮಣ್ಣು ಹೋಗುವುದಿಲ್ಲ, ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ.

"ಬೇರು ಸೂರು ತೂತು ಮಾಡಿ ನಮ್ಮನೆಗೆ ಬಂದ್ರೆ ಉಯ್ಯಾಲೆ ಕಟ್ಕೊಳ್ಲಾ ಅಮ್ಮ?" ಎಂದು ಅಮಾಯಾ ಕೇಳಿದಳು.

ಚೌಕದ ಚರಿತ್ರೆ ನೋಡಿಕೊಳ್ಳುವವಳೆಂದು ನಾಳೆ ಸಭೆ ನನ್ನ ಒಪ್ಪಿಗೆ ಕೇಳುತ್ತದೆ. ಕೆಳಗೆ ವಯಸ್ಸಾದವರು ಸೆಕೆಗೆ ಸಾಯುತ್ತಿರುವಾಗ, ಬರೀ ಭಯದಿಂದ ನಾನು ನೆರಳನ್ನು ತಡೆಯಬಹುದೇ? ಅಥವಾ ಹಳೆಯದು ಬದಲಾಗಬಾರದೆಂಬ ಹಟಕ್ಕೇ ನಾನು ಭಯವೆಂದು ಹೆಸರಿಟ್ಟಿದ್ದೇನೆಯೇ? ಇಲ್ಲಿ ಯಾರು ಆಳಿದರು, ಯಾರನ್ನು ಕೊಂದರು, ಎಲ್ಲ ಬಲ್ಲೆ. ಈ ಸೂರಿನ ಬಲವೆಷ್ಟೆಂದು ನನಗೂ ಗೊತ್ತಿಲ್ಲ, ಬದುಕಿರುವ ಯಾರಿಗೂ ಗೊತ್ತಿಲ್ಲ.

ಅದನ್ನು ಕಟ್ಟಿದವರು ನಿಮ್ಮ ನಡುವೆ ಇದ್ದಾರೆ. ದಯವಿಟ್ಟು ಅವರನ್ನು ಕೇಳಿ. ಅವರು ಹೇಳಿದ್ದನ್ನು ಪೂರ್ವದ ಕಮಾನಿನ ಮೊದಲ ಕಂಬದ ಬುಡದಲ್ಲಿ ಆಳವಾಗಿ ಕೆತ್ತಿಸಿ. ಇವತ್ತು ಅಲ್ಲಿ ಕಲ್ಲು ನುಣ್ಣಗಿತ್ತು. ಸಭೆಗೆ ಮುಂಚೆ ಮತ್ತೊಮ್ಮೆ ಹೋಗಿ ಕೈಯಾಡಿಸಿ ನೋಡುತ್ತೇನೆ.

ನಿಮ್ಮ,
ಮಂದಾರ