ಬಿದಿರಿಗೆ ಬಿಟ್ಟ ಅರ್ಧ ಇಂಚು

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಪುಟ್ಟೀ,

ನೀನು, ಅಳಿಯಂದಿರು, ಮೊಮ್ಮಗಳು ಎಲ್ಲ ಚೆನ್ನಾಗಿದ್ದೀರಿ ತಾನೇ? ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನಿನ್ನ ಪತ್ರ ಬಂದು ಐದು ತಿಂಗಳಾಯಿತು, ಅಪ್ಪ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬಿದಿರು ಒಣಗಲಿ ಎಂದು ಕಾಯುತ್ತಿದ್ದೆ.

ನಗಬೇಡ. ಮೊಮ್ಮಗಳಿಗೆ ಬಿದಿರಿನ ಸೈಕಲ್ ಕಟ್ಟಲು ಶುರು ಮಾಡಿದ್ದೇನೆ. ಹಿತ್ತಲಿನ ನೆರಳಿನಲ್ಲಿ ನಾಲ್ಕು ತಿಂಗಳು ಒಣಗಿದ ಗಳಗಳನ್ನು ತಟ್ಟಿದರೆ ಈಗ ಟಣ್ ಎನ್ನುತ್ತವೆ. ಬಿರುಕಿಲ್ಲದವನ್ನು ಆರಿಸಿದೆ. ಅವಳ ಕಾಲಿನ ಅಳತೆ, ನೀನು ಪ್ಯಾಂಟಿಗೆಂದು ಕಳಿಸಿದ್ದ ಚೀಟಿಯಲ್ಲಿಯೇ ಇತ್ತು. ಆದರೆ ನಲವತ್ತು ವರ್ಷ ಕತ್ತರಿ ಹಿಡಿದ ಕೈ ನೋಡು, ಪ್ರತಿ ಗಳದ ತುದಿಗೂ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟು ಕೊಯ್ದುಬಿಟ್ಟೆ! ಜೋಡಿಸಲು ಹೋದರೆ ಒಂದಕ್ಕೊಂದು ಕೂಡುತ್ತಲೇ ಇಲ್ಲ. ಎದುರಂಗಡಿಯ ಸೈಕಲ್ ರಿಪೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಮಾಸ್ಟರೇ, ಬೆಳೆಯೋ ಹುಡುಗಿ, ಆಮೇಲೆ ಬಿಚ್ಚಿ ಉದ್ದ ಮಾಡೋಣ ಅಂತಾನಾ?" ಎಂದ. ನಿನ್ನ ಅಮ್ಮ ಸುಮ್ಮನಿರುತ್ತಾಳೆಯೇ? "ಕಾಜಾ ಹೊಲಿದು ಎರಡು ಗುಂಡಿನೂ ಹಾಕ್ಬಿಡಿ" ಎಂದಳು. ಎಲ್ಲವನ್ನೂ ಮತ್ತೆ ಕೊಯ್ದೆ.

ಕೀಲುಗಳನ್ನು ನೋಡಿ ಮಾತ್ರ ಯಾರೂ ನಗುವ ಹಾಗಿಲ್ಲ. ಸೆಣಬಿನ ನಾರನ್ನು ಅಂಟಿನಲ್ಲಿ ಅದ್ದಿ ಬಿಗಿಯಾಗಿ ಸುತ್ತಬೇಕು. ದಾರದ ಕೆಲಸ ನನಗೆ ಹೇಳಿಕೊಡಬೇಕೇ? ಆದರೆ ಪೆಡಲ್, ಹ್ಯಾಂಡಲ್ ತಿರುಗುವ ಕಡೆ ಕಬ್ಬಿಣದ ಕೊಳವೆಯೇ ಬೇಕು. ಅದನ್ನು ಹಳೆಯ ಸೈಕಲ್ಲಿನಿಂದ ಕೊಯ್ದು ತೆಗೆಯಬೇಕು. ಒಂದು ವಾರ ಗರಗಸ ಹಿಡಿದು ಸುಮ್ಮನೆ ಕೂತಿದ್ದೆ. ನಿನ್ನೆ ಕೊಯ್ದೆ.

ನಿನ್ನ ಪತ್ರದ ಒಂದು ಸಾಲನ್ನು ದಿನಾ ತೆಗೆದು ಓದುತ್ತಿದ್ದೇನೆ. "ಇವಳು ಸೈಕಲ್ ಬೇಕು ಅಂತಿದಾಳಪ್ಪ, ನಾನು ಬೇಡ ಅಂದೆ. ನನ್ನ ಹಾಗೇ ಮರೆಗುಳಿ, ನಾನು ಒಂದು ಕಳೆದಿದ್ದು ಸಾಲದಾ?" ಎಂದು ಬರೆದಿದ್ದೆ. ಅವಳಿಗೆ ಬೇಡ ಎನ್ನಬೇಡ. ರಜೆಗೆ ಕರೆದುಕೊಂಡು ಬಾ, ಕೊನೆಯ ಕೀಲಿಗೆ ಅವಳೇ ನಾರು ಸುತ್ತಲಿ.

ನಿಮ್ಮ ಮೂವರ ಬಾಳು ತಣ್ಣಗಿರಲಿ.

ನಿನ್ನ ಅಪ್ಪ

ತಾ.ಕ.: ನಿನ್ನೆ ಕೊಯ್ದದ್ದು ನಿನ್ನ ನೀಲಿ ಸೈಕಲ್. ಅದನ್ನು ಯಾರೂ ಕದ್ದಿರಲಿಲ್ಲ. ನೀನು ದಿನಾ ಬೆಳಗ್ಗೆ ಸೈಕಲ್ ಪಂದ್ಯದ ತಾಲೀಮಿಗೆ ಹೋಗುವುದನ್ನು ಕಂಡು ಅಂಗಡಿಗೆ ಬಂದವರೆಲ್ಲ ಒಂದೊಂದು ಮಾತಾಡುತ್ತಿದ್ದರು. ಅವರ ಬಾಯಿ ಮುಚ್ಚಿಸುವ ಧೈರ್ಯ ನನಗಿರಲಿಲ್ಲ. ಪಂದ್ಯದ ಹಿಂದಿನ ದಿನ ನಾನೇ ಅದನ್ನು ಅಂಗಡಿಯ ಅಟ್ಟಕ್ಕೆ ಏರಿಸಿ ಹಳೆ ಬಟ್ಟೆ ಹೊದಿಸಿದೆ. ನೀನು "ಬೀಗ ಹಾಕೋದು ಮರೆತಿದ್ದೆ ಅನ್ಸುತ್ತಪ್ಪಾ" ಎಂದು ಮೂರು ದಿನ ಅತ್ತೆ. ನಾನು ನಿನ್ನ ತಲೆ ಸವರಿ "ಹೋಗ್ಲಿ ಬಿಡು" ಎಂದೆ. ಇಪ್ಪತ್ತಾರು ವರ್ಷವಾಯಿತು, ಈಗಲೂ ನಾಚಿಕೆಯಾಗುತ್ತದೆ. ನಿನ್ನ ಅಮ್ಮನಿಗೂ ನಿನ್ನೆಯೇ ತಿಳಿದದ್ದು. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸೈಕಲ್ಲಿನ ಇನ್ನೊಂದು ಬೀಗದ ಕೈ ನನ್ನ ಗುಂಡಿ ಡಬ್ಬಿಯಲ್ಲಿತ್ತು, ಆ ದಿನ ಅದರಿಂದಲೇ ಬೀಗ ತೆಗೆದೆ. ನೀನು ಮರೆತಿರಲಿಲ್ಲ ಮಗಳೇ. ಬೀಗ ಹಾಕಿದ್ದೆ.